ಹೌರಾ ರೈಲಿನಲ್ಲಿ ಬಂದ ದ್ವೀಪದವರು

ಮೇ ತಿಂಗಳ ಕೊನೆಯ ವಾರ, ಬೆಳಗಿನ ಹೊತ್ತು. ಕೆ.ಆರ್. ಪುರ ರೈಲು ನಿಲ್ದಾಣದಲ್ಲಿ ನಿಂತಿದ್ದೀರಿ. ತಲೆಯೆತ್ತಿದರೆ ತೂಗುಸೇತುವೆಯ ಉಕ್ಕಿನ ಹಗ್ಗಗಳು, ಅದರ ಮೇಲೆ ಟಿನ್ ಫ್ಯಾಕ್ಟರಿ ಕಡೆಗೆ ತೆವಳುವ ಬಸ್ಸುಗಳು. ಹೌರಾದಿಂದ ಬಂದ ರೈಲು ನಿಲ್ಲುತ್ತದೆ. ಅದರ ಕೊನೆಯ ನಿಲ್ದಾಣ ಬೈಯಪ್ಪನಹಳ್ಳಿಯ ವಿಶ್ವೇಶ್ವರಯ್ಯ ಟರ್ಮಿನಲ್, ಇನ್ನು ಸ್ವಲ್ಪವೇ ದೂರ. ಆದರೂ ಜನರಲ್ ಬೋಗಿಯವರಲ್ಲಿ ಬಹಳ ಮಂದಿ ಇಲ್ಲೇ ಇಳಿಯುತ್ತಾರೆ. ವೈಟ್‌ಫೀಲ್ಡ್, ತೂಬರಹಳ್ಳಿ, ಮಾರತ್ತಹಳ್ಳಿಯ ಕೆಲಸಗಳಿಗೆ ಹತ್ತಿರ ಇದೇ.

ಇಪ್ಪತ್ತು ದಾಟಿರಬಹುದಾದ ಹುಡುಗನೊಬ್ಬ ನಿಮ್ಮ ಪಕ್ಕದಲ್ಲೇ ಇಳಿದ. ಹೆಗಲಲ್ಲಿ ಅಕ್ಕಿಚೀಲದಲ್ಲಿ ಕಟ್ಟಿದ ಬಟ್ಟೆ, ಕಿವಿಯಲ್ಲಿ ಫೋನು. ಒಂದೂವರೆ ದಿನದ ಪ್ರಯಾಣದ ಬೆವರು ಅಂಗಿಯಲ್ಲೇ ಒಣಗಿದೆ. ಚೀಲ ಕೆಳಗಿಡುವುದನ್ನೂ ಮರೆತು ಬಂಗಾಳಿಯಲ್ಲಿ ಏನೋ ಕೇಳುತ್ತಲೇ ಇದ್ದಾನೆ. ಕರೆದೊಯ್ಯಲು ಬಂದ ಮೇಸ್ತ್ರಿ ಟೀ ಲೋಟ ಹಿಡಿದು ಕಾಯುತ್ತ ನಿಮ್ಮ ಕಡೆ ತಿರುಗುತ್ತಾನೆ. "ಗೋಸಾಬಾ ಕಡೆಯೋನು. ಸುತ್ತ ನದಿ, ಮಧ್ಯ ಊರು. ಮೇ ಬಂತಂದ್ರೆ ಎಲ್ರೂ ಹೀಗೇನೆ, ಕಟ್ಟೆ ಹೆಂಗಿದೆ, ನೀರು ಎಲ್ಲಿವರೆಗೆ ಬಂತು ಅಂತ ಫೋನ್ ಬಿಡಲ್ಲ."

ಆ ಆತಂಕಕ್ಕೆ ಕಾರಣ ಕ್ಯಾಲೆಂಡರಿನಲ್ಲೇ ಇದೆ. ಗೋಸಾಬಾ ಇರುವ ಬಂಗಾಳದ ಸುಂದರಬನಕ್ಕೆ ಐಲಾ ಚಂಡಮಾರುತ ಬಡಿದದ್ದು 2009ರ ಮೇ 25. ಅಂಫಾನ್, 2020ರ ಮೇ 20. ಯಾಸ್, 2021ರ ಮೇ 26. ಅಂದು ಹುಣ್ಣಿಮೆಯ ಭರತವೂ ಸೇರಿ ನೀರು ಕಟ್ಟೆ ಹತ್ತಿತು. ರೆಮಾಲ್, 2024ರ ಮೇ 26. ಭಾರತದ ಸುಂದರಬನದಲ್ಲಿ ನೂರರಷ್ಟು ದ್ವೀಪಗಳಿವೆ. ಅವುಗಳಲ್ಲಿ ಅರ್ಧದಷ್ಟರಲ್ಲಿ ನಲವತ್ತು ಲಕ್ಷಕ್ಕೂ ಹೆಚ್ಚು ಜನ ಬದುಕುತ್ತಾರೆ. ಅನೇಕ ಕಡೆ ಗದ್ದೆಗಳು ಭರತದ ನೀರಿನ ಮಟ್ಟಕ್ಕಿಂತ ತಗ್ಗಿನಲ್ಲಿದ್ದು, ನಡುವೆ ಮಣ್ಣಿನ ಕಟ್ಟೆ ಮಾತ್ರ ಇರುತ್ತದೆ. ಅದು ಒಡೆದರೆ ಉಪ್ಪುನೀರು ಒಳಗೆ ನಿಂತು, ಮುಂದಿನ ಒಂದೆರಡು ಮಳೆಗಾಲ ತೊಳೆಯುವವರೆಗೂ ಭತ್ತ ಸರಿಯಾಗಿ ಏಳುವುದಿಲ್ಲ. ಐಲಾ ಆದ ಮೇಲೆ ಗಂಡಸರು ಗುಂಪುಗುಂಪಾಗಿ ಕೇರಳ, ತಮಿಳುನಾಡು, ಬೆಂಗಳೂರಿನ ದಾರಿ ಹಿಡಿದರು. ದೋಣಿಯಲ್ಲಿ ಗದಖಾಲಿ, ಅಲ್ಲಿಂದ ಕ್ಯಾನಿಂಗ್, ಲೋಕಲ್ ರೈಲಿನಲ್ಲಿ ಸಿಯಾಲದಾ, ಆಮೇಲೆ ಹೌರಾ.

ಹುಡುಗ ಫೋನು ಇಟ್ಟ. ನೀರು ಏರಿಲ್ಲವಂತೆ. ಮೇಸ್ತ್ರಿ ಅವನಿಗೂ ಒಂದು ಟೀ ಹೇಳುತ್ತಾನೆ.

ಅವನ ದ್ವೀಪದಲ್ಲಿ ಯಾರೂ ಏನೂ ಯೋಚಿಸಿಲ್ಲ ಎಂದುಕೊಳ್ಳಬೇಡಿ. 1967ರಲ್ಲಿ ಗೋಸಾಬಾದ ರಂಗಬೇಲಿಯಾ ಶಾಲೆಗೆ ಮುಖ್ಯೋಪಾಧ್ಯಾಯರಾಗಿ ಹೋದ ತುಷಾರ್ ಕಾಂಜಿಲಾಲ್ ಅಲ್ಲೇ ಉಳಿದು, ಒಂದೇ ಬೆಳೆಯ ಊರಿನಲ್ಲಿ ಎರಡನೆಯ ಬೆಳೆಗೆ, ಹೆಂಗಸರ ಸ್ವಂತ ದುಡಿಮೆಗೆ ದಾರಿ ಮಾಡಿದರು. ಕೇಂದ್ರೀಯ ಮಣ್ಣು ಲವಣತೆ ಸಂಶೋಧನಾ ಸಂಸ್ಥೆಯ ಕ್ಯಾನಿಂಗ್ ಕೇಂದ್ರದವರು ತೋರಿಸಿಕೊಟ್ಟ ಕ್ರಮವೂ ಸರಳವಾದದ್ದೇ. ಜಮೀನಿನ ಐದನೇ ಒಂದು ಪಾಲನ್ನು ಕೊಳ ಮಾಡಿ ಮಳೆನೀರು ತುಂಬಿಸಬೇಕು, ಅಗೆದ ಮಣ್ಣಿನಿಂದ ಉಳಿದ ನೆಲದಲ್ಲಿ ಒಂದಷ್ಟನ್ನು ಎತ್ತರಿಸಬೇಕು. ಎತ್ತರದಲ್ಲಿ ತರಕಾರಿ, ತಗ್ಗಿನಲ್ಲಿ ಭತ್ತ, ಕೊಳದಲ್ಲಿ ಮೀನು. ಚಳಿಗಾಲದ ಬೆಳೆಗೂ ಸಿಹಿನೀರು ಉಳಿಯುತ್ತದೆ.

ನಮ್ಮ ಕುಮಟಾದವರಿಗೆ ಉಪ್ಪುನೀರಿನ ನಡುವಿನ ಈ ಬೇಸಾಯ ಹೊಸದೆನಿಸಲಾರದು. ಅಘನಾಶಿನಿ ಅಳಿವೆಯಲ್ಲೂ ಐಗಳಕುರ್ವೆಯಂಥ ನಡುಗಡ್ಡೆಗಳಿವೆ. ಅಲ್ಲಿನ ಗಜನಿ ಎಂಬ ತಗ್ಗು ಗದ್ದೆಗಳಲ್ಲಿ ಮಳೆಗಾಲಕ್ಕೆ ಉಪ್ಪು ತಡೆಯುವ ಕಗ್ಗ ಭತ್ತ. ಕೊಯ್ಲಿನಲ್ಲಿ ತೆನೆ ಮಾತ್ರ ಕತ್ತರಿಸಿ ಹುಲ್ಲನ್ನು ನಿಲ್ಲಲು ಬಿಡುತ್ತಾರೆ. ಆಮೇಲೆ ಭರತದ ನೀರು ಒಳಗೆ ಬಂದರೆ ಆ ಹುಲ್ಲೇ ಸಿಗಡಿಗೂ ಮೀನಿಗೂ ಆಸರೆ, ಆಹಾರ. ಮಾಣಿಕಟ್ಟೆಯ ರೈತರು ಆ ಬೀಜವನ್ನು ಉಳಿಸಿಕೊಂಡಿದ್ದಾರೆ. ಸುಂದರಬನದಲ್ಲಿ ಐಲಾ ಬಳಿಕ ಉಪ್ಪು ತಡೆಯುವ ನಾಟಿ ಭತ್ತಕ್ಕಾಗಿ ಜನ ಹುಡುಕಾಡಬೇಕಾಯಿತು. ಹೆಚ್ಚು ಇಳುವರಿಯ ತಳಿಗಳ ಕಾಲದಲ್ಲಿ ಆ ನಾಟಿ ಬೀಜಗಳು ಬಹುತೇಕ ಮನೆಗಳಿಂದ ಹೊರಟುಹೋಗಿದ್ದವು. ಬೀಜ ಕಾಯ್ದವರಿಗೆ ನಾವು ಕೊಟ್ಟ ಬೆಲೆ ಬಹಳ ಕಡಿಮೆ.

ಹುಡುಗ, ಮೇಸ್ತ್ರಿಯ ಜೊತೆ ನೀವೂ ಆಟೋ ಹತ್ತಿದ್ದೀರಿ. ಮಹದೇವಪುರದ ಸಂದಿಯೊಂದರ ಕೊನೆಗೆ ನೀಲಿ ತಗಡಿನ ಶೆಡ್ಡುಗಳ ಸಾಲು. ಬಾಗಿಲು ದಾಟಿದೊಡನೆ ತಗಡಿನ ಕಾವು ಮುಖಕ್ಕೆ ರಾಚುತ್ತದೆ. ಹೊರಗೆ ನೀರಿನ ಡ್ರಮ್ಮುಗಳು. ಟ್ಯಾಂಕರ್ ನಿನ್ನೆ ಬಂದಿಲ್ಲ ಎಂದು ಹೆಂಗಸೊಬ್ಬಳು ಅರ್ಧ ಕನ್ನಡ, ಅರ್ಧ ಹಿಂದಿಯಲ್ಲಿ ಮೇಸ್ತ್ರಿಯನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಾಳೆ. ಗಾರೆ ಕೆಲಸ, ಅಪಾರ್ಟ್‌ಮೆಂಟಿನ ಹೌಸ್‌ಕೀಪಿಂಗ್, ಒಣಕಸ ವಿಂಗಡಣೆ, ಸಿಕ್ಕಿದ್ದನ್ನು ಇಲ್ಲಿನವರು ಮಾಡುತ್ತಾರೆ. ಹವಾಮಾನದ ಪೆಟ್ಟು ಇಲ್ಲಿಯೂ ಅವರನ್ನು ಬಿಟ್ಟಿಲ್ಲ. 2022ರ ಸೆಪ್ಟೆಂಬರಿನಲ್ಲಿ ಇದೇ ಮಹದೇವಪುರದ ಬಡಾವಣೆಗಳು ಮುಳುಗಿದವು, 2024ರ ಬೇಸಗೆಯಲ್ಲಿ ಇದೇ ಕಡೆ ಬೋರ್‌ವೆಲ್‌ಗಳು ಬತ್ತಿದವು. ಎರಡೂ ಸಲ ತಗ್ಗಿನ ತಗಡಿನ ಮನೆಗಳು ಪಟ್ಟ ಪಾಡು ಯಾರಿಗಾದರೂ ಊಹೆಗೆ ಬರುತ್ತದೆ.

ದಾರಿಯಾದರೂ ಸುರಕ್ಷಿತವೇ? 2023ರ ಜೂನ್ 2ರ ಸಂಜೆ ಒಡಿಶಾದ ಬಹನಾಗಾ ಬಜಾರ್‌ನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್ ನಿಂತಿದ್ದ ಗೂಡ್ಸಿಗೆ ಗುದ್ದಿತು. ಹಳಿ ತಪ್ಪಿದ ಅದರ ಬೋಗಿಗಳು ಬೆಂಗಳೂರಿನಿಂದ ಹೌರಾಕ್ಕೆ ಹೊರಟಿದ್ದ ರೈಲಿಗೂ ಬಡಿದವು. ಸತ್ತವರು 290ಕ್ಕೂ ಹೆಚ್ಚು. ಕೆಲಸಕ್ಕೆಂದು ದಕ್ಷಿಣಕ್ಕೆ ಹೊರಟಿದ್ದ ಸುಂದರಬನದ ಬಡವರೂ ಅವರಲ್ಲಿದ್ದರು.

ಶೆಡ್ಡಿನಲ್ಲಿ ಹುಡುಗ ಕೈಕಾಲು ತೊಳೆದು ಬಂದಿದ್ದಾನೆ. ಇಲ್ಲಿಂದ ಕಳಿಸುವ ದುಡ್ಡಿನಲ್ಲಿ ಊರಲ್ಲಿ ಕೊಳ ತೋಡಿಸುವ ಆಸೆ ಇದೆಯಂತೆ ಎಂದು ಮೇಸ್ತ್ರಿ ಹೇಳುತ್ತಾನೆ. ಆ ಮಾತು ನನಗೆ ಮುಖ್ಯ. ದ್ವೀಪದ ಬದುಕಿಗೆ ಯೋಜನೆ ಬರೆಯುವವರು ಕಟ್ಟೆ, ಕೊಳ, ಬೀಜ ಬರೆಯುತ್ತಾರೆ; ಕೆ.ಆರ್. ಪುರವನ್ನೂ ಬರೆಯಬೇಕು. ಕಟ್ಟೆಯೊಳಗಿನ ಮನೆ ನಿಂತಿರುವುದು ಇಲ್ಲಿನ ಸಂಬಳದ ಮೇಲೆ.

ಇಲ್ಲಿ ಮಾಡಬೇಕಾದ್ದು ದೊಡ್ಡದೇನಲ್ಲ. 'ಒಂದು ದೇಶ ಒಂದು ಪಡಿತರ ಚೀಟಿ' ಇರುವುದರಿಂದ ಬಂಗಾಳದ ಚೀಟಿಗೂ ನಮ್ಮ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಸಿಗಬೇಕು, ಅಂಗಡಿಯವರು ಇಲ್ಲವೆನ್ನಬಾರದು. ಶೆಡ್ಡುಗಳಿಗೆ ನೀರು, ಶೌಚಾಲಯ ಕೊಡುವ ಹೊಣೆಯನ್ನು ಬೆಂಗಳೂರು ಪೂರ್ವ ನಗರ ಪಾಲಿಕೆ ಮೇಸ್ತ್ರಿಗಳಿಗೆ ಬಿಡದೆ ತಾನೇ ಹೊರಬೇಕು. ಇಂದಿರಾನಗರದಿಂದ ವೈಟ್‌ಫೀಲ್ಡಿನವರೆಗೆ ಅಪಾರ್ಟ್‌ಮೆಂಟುಗಳಲ್ಲಿ ಇರುವವರೇ, ನಿಮ್ಮ ಕಟ್ಟಡದಲ್ಲಿ ದುಡಿಯುವವರ ಊರು ಯಾವುದೆಂದು ಕೇಳಿ. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತದ ಸುದ್ದಿ ಬಂದ ವಾರ ಅವರಿಗೆ ಸಂಬಳ ಮುಂಗಡ ಕೊಡಿ, ರಜೆ ಕೊಡಿ, ಮರಳಿ ಬಂದಾಗ ಕೆಲಸ ಉಳಿಸಿಡಿ.