ಇಷ್ಟದ ಐದು ಚಿತ್ರಗಳು

ಕಳೆದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ಹುಡುಗಿ ನಮಗೊಂದು ಪರೀಕ್ಷೆ ಒಡ್ಡಿದಳು. “ನಿಮಗೆ ತುಂಬಾ ಇಷ್ಟವಾದ ಐದು ಅನಿಮೆಗಳ ಹೆಸರು ಬರೆದು ಕೊಡಿ. ನೀವು ಎಂಥವರೆಂದು ನಾನು ಹೇಳ್ತೇನೆ” ಎಂದಳು. ಒಂಬತ್ತನೇ ತರಗತಿ ಮುಗಿಸಿದವಳು. ಜನರನ್ನು ಅಳೆಯಲು ಆ ವಯಸ್ಸಿನವರ ಬಳಿ ಅವರದೇ ಆದ ಅಳತೆಗೋಲುಗಳಿರುತ್ತವೆ. ನಾವು ನಗುತ್ತಲೇ ಕಾಗದ, ಪೆನ್ನು ಹಿಡಿದು ಕುಳಿತೆವು.

ನಾವು ಎಂದರೆ ಅಕ್ಕ ಮತ್ತು ತಂಗಿ. ಈ ಬರಹವನ್ನೂ ಒಟ್ಟಿಗೆ ಕುಳಿತೇ ಬರೆಯುತ್ತಿದ್ದೇವೆ. ಆದ್ದರಿಂದ ಇಲ್ಲಿ ‘ನಾನು’ ಇಲ್ಲ. ಬೇರೆಬೇರೆಯಾಗಿ ಹೇಳಬೇಕಾದಲ್ಲಿ ದೊಡ್ಡವಳು, ಸಣ್ಣವಳು ಎನ್ನುತ್ತೇವೆ. ಪರೀಕ್ಷೆ ಒಡ್ಡಿದವಳು ದೊಡ್ಡವಳ ಮಗಳು.

ಅನಿಮೆ ಎಂದರೆ ಜಪಾನಿನ ಅನಿಮೇಷನ್ ಚಿತ್ರಗಳು. ಮಕ್ಕಳ ಕಾರ್ಟೂನು ಎಂದು ಅವನ್ನು ಬದಿಗೆ ಸರಿಸುವವರು ಇಂದಿಗೂ ಇದ್ದಾರೆ. ನಮ್ಮ ಪೀಳಿಗೆಯ ಹಲವರು ಅನಿಮೆ ಎಂಬ ಹೆಸರೇ ಕೇಳದೆ ಅದನ್ನು ನೋಡಿದವರು. 1990ರ ದಶಕದ ಆರಂಭದಲ್ಲಿ ದೂರದರ್ಶನದಲ್ಲಿ ಹಿಂದಿ ಮಾತಾಡುತ್ತಾ ಬಂದ ಮೋಗ್ಲಿ ಜಪಾನಿನಲ್ಲಿ ತಯಾರಾದವನು ಎಂದು ನಮಗಾಗ ಯಾರು ಹೇಳಬೇಕಿತ್ತು? ಮುಂದೆ ಕೇಬಲ್ ಟಿವಿಯಲ್ಲಿ ‘ಡ್ರ್ಯಾಗನ್ ಬಾಲ್ ಝಡ್’ ಬಂತು. ಸಣ್ಣವಳ ಕಾಲೇಜು ದಿನಗಳಲ್ಲಿ ಗೆಳತಿಯರ ಪೆನ್‌ಡ್ರೈವ್‌ಗಳಲ್ಲಿ ಸ್ಟುಡಿಯೋ ಜಿಬ್ಲಿಯ ಚಿತ್ರಗಳು ಬಂದವು. ರಜೆಗೆ ಊರಿಗೆ ಬಂದಾಗ ಅವಳು ಅವನ್ನು ಅಕ್ಕನಿಗೂ ತೋರಿಸಿದಳು. 2020ರಲ್ಲಿ ಅವು ನೆಟ್‌ಫ್ಲಿಕ್ಸ್‌ಗೆ ಬಂದ ಮೇಲೆ ಮನೆಯವರೆಲ್ಲರ ಪಾಲಿಗೂ ಸುಲಭವಾದವು.

ಪಟ್ಟಿ ಬರೆದು ಮುಗಿಸಿದೆವು. ದೊಡ್ಡವಳ ಪಟ್ಟಿಯಲ್ಲಿ ಮೊದಲನೆಯದು ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’. ಅನಂತರ ‘ಮೈ ನೈಬರ್ ಟೊಟೊರೊ’, ‘ಕಿಕೀಸ್ ಡೆಲಿವರಿ ಸರ್ವಿಸ್’, ‘ಓನ್ಲಿ ಯೆಸ್ಟರ್‌ಡೇ’, ‘ಇನ್ ದಿಸ್ ಕಾರ್ನರ್ ಆಫ್ ದ ವರ್ಲ್ಡ್’. ಸಣ್ಣವಳು ಬರೆದದ್ದು ‘ಟೊಟೊರೊ’, ‘ಸ್ಪಿರಿಟೆಡ್ ಅವೇ’, ‘ಪ್ರಿನ್ಸೆಸ್ ಮೊನೊನೊಕೆ’, ‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’, ಜೊತೆಗೆ ಹಳೆಯ ಋಣಕ್ಕೆಂದು ‘ಡ್ರ್ಯಾಗನ್ ಬಾಲ್ ಝಡ್’.

ಹುಡುಗಿ ಎರಡೂ ಪಟ್ಟಿಗಳನ್ನು ನೋಡಿ ತಾಯಿಯನ್ನು ಕೇಳಿದಳು: “ಅಮ್ಮಾ, ಈ ಮೊದಲನೆಯದನ್ನು ಎಷ್ಟು ಸಲ ನೋಡಿದ್ದೀ?”

ಒಂದು ಸಲ. ಎರಡನೇ ಸಲ ಅರ್ಧಕ್ಕೇ ನಿಲ್ಲಿಸಿದ್ದಳು.

“ಹಾಗಾದ್ರೆ ಅದು ಇಷ್ಟದ್ದಲ್ಲ. ದೊಡ್ಡ ಚಿತ್ರ ಅಂತ ಬರೆದದ್ದು” ಎಂದು ಅವಳು ಆ ಹೆಸರಿಗೆ ಗೀಟು ಹಾಕಿದಳು. ನಮಗೆ ಸ್ವಲ್ಪ ನಾಚಿಕೆಯಾಯಿತು. ಇಷ್ಟ ಯಾವುದು ಎಂದು ಕೇಳಿದರೆ ನಾವು ಹೇಳುವುದು ಎಷ್ಟೋ ಸಲ ನಮ್ಮ ಇಷ್ಟವನ್ನಲ್ಲ, ಇತರರು ನಮ್ಮನ್ನು ಹೇಗೆ ನೋಡಬೇಕು ಎಂಬ ಆಸೆಯನ್ನು.

ಉಳಿದ ಹೆಸರುಗಳಿಂದ ಅವಳು ತೀರ್ಪು ಹೇಳತೊಡಗಿದಳು. ಅಮ್ಮನಿಗೆ ಕೆಲಸ ಮಾಡುವ ಹೆಂಗಸರ ಕತೆ ಬೇಕು. ಹೌದು, 13 ವರ್ಷಕ್ಕೇ ಮನೆ ಬಿಟ್ಟು ಪೊರಕೆಯ ಮೇಲೆ ಹಾರುತ್ತಾ ಊರವರ ಪೊಟ್ಟಣ ತಲುಪಿಸುವ ಕಿಕಿ, ಯುದ್ಧಕಾಲದ ಕುರೆ ಪಟ್ಟಣದಲ್ಲಿ ಪಡಿತರದ ಅಕ್ಕಿಗೆ ಸೊಪ್ಪುಸದೆ ಸೇರಿಸಿ ಮನೆಮಂದಿಯ ಹೊಟ್ಟೆ ತುಂಬಿಸುವ ಸುಜು, ಇವರು ದೊಡ್ಡವಳಿಗೆ ಅಚ್ಚುಮೆಚ್ಚು. ಚಿಕ್ಕಮ್ಮನಿಗೆ ಪೂರ್ತಿ ಕೆಟ್ಟವರಲ್ಲದ ಕೆಟ್ಟವರು ಬೇಕು. ಅದೂ ಸರಿಯೇ. ‘ಮೊನೊನೊಕೆ’ಯ ಎಬೊಶಿ ಕಾಡು ಕಡಿಸುತ್ತಾಳೆ, ದೇವತೆಗಳ ಮೇಲೆ ಗುಂಡು ಹಾರಿಸುತ್ತಾಳೆ. ಆದರೆ ವೇಶ್ಯಾಗೃಹಗಳಿಂದ ಬಿಡಿಸಿ ತಂದ ಹೆಂಗಸರಿಗೂ ಕುಷ್ಠರೋಗಿಗಳಿಗೂ ಕೆಲಸ, ಊಟ, ಗೌರವ ಕೊಟ್ಟವಳೂ ಅವಳೇ. ಸಣ್ಣವಳು ವೃತ್ತಿಯಲ್ಲಿ ವಕೀಲೆ. ಎದುರು ಪಕ್ಷದವರಿಗೂ ಒಂದು ಕತೆಯಿರುತ್ತದೆ ಎಂಬುದು ಅವಳ ದಿನನಿತ್ಯದ ಅನುಭವ.

ಇಷ್ಟರವರೆಗೆ ಆಟ ಆಟವಾಗಿಯೇ ಇತ್ತು. ಎರಡೂ ಪಟ್ಟಿಯಲ್ಲಿದ್ದ ಒಂದೇ ಹೆಸರಿನ ಕಡೆಗೆ ಮಾತು ತಿರುಗಿದಾಗ ಅದು ಆಟವಾಗಿ ಉಳಿಯಲಿಲ್ಲ.

‘ಟೊಟೊರೊ’ ಹಯಾವೊ ಮಿಯಾಝಾಕಿಯವರ 1988ರ ಚಿತ್ರ. 1950ರ ದಶಕದ ಜಪಾನಿನ ಒಂದು ಹಳ್ಳಿ. ತಾಯಿ ದೂರದ ಆಸ್ಪತ್ರೆಯಲ್ಲಿದ್ದಾಳೆ. ಶಾಲೆಗೆ ಹೋಗುವ ಸತ್ಸುಕಿ, 4 ವರ್ಷದ ಮೇ ಎಂಬ ಅಕ್ಕತಂಗಿಯರು ತಂದೆಯೊಂದಿಗೆ ಹಳೆಯ ಮನೆಯೊಂದಕ್ಕೆ ಬರುತ್ತಾರೆ. ಪಕ್ಕದ ಕಾಡಿನಲ್ಲಿ ಟೊಟೊರೊ ಎಂಬ ಬೃಹತ್ ಜೀವಿ ವಾಸವಾಗಿದೆ. ಅದು ಮಕ್ಕಳಿಗೆ ಮಾತ್ರ ಕಾಣುತ್ತದೆ. ಇಡೀ ಚಿತ್ರದಲ್ಲಿ ಖಳನಾಯಕನೇ ಇಲ್ಲ. ಮಿಯಾಝಾಕಿಯವರ ತಾಯಿಯೂ ಅವರ ಬಾಲ್ಯದಲ್ಲಿ ಬೆನ್ನುಮೂಳೆಯ ಕ್ಷಯದಿಂದ ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದರು.

“ಇದರಲ್ಲಿ ನಿಮಗೆ ಯಾವ ಜಾಗ ಇಷ್ಟ?” ಎಂದು ಹುಡುಗಿ ಕೇಳಿದಳು.

ಸಣ್ಣವಳು ಕೂಡಲೇ ಹೇಳಿದಳು: ಮೇ ಪೊದೆಯೊಳಗೆ ನುಸುಳಿ, ಮರದ ಪೊಟರೆಗೆ ಜಾರಿ, ಮಲಗಿದ್ದ ಟೊಟೊರೊನ ಹೊಟ್ಟೆಯ ಮೇಲೆ ಬಿದ್ದು, ಅಲ್ಲೇ ನಿದ್ದೆ ಹೋಗುವ ಜಾಗ. ಅವಳ ಪಾಲಿಗೆ ಅದು ಸಂತೋಷದ ಸಿನಿಮಾ.

ದೊಡ್ಡವಳು ಸ್ವಲ್ಪ ತಡೆದು ಹೇಳಿದಳು: ಆಸ್ಪತ್ರೆಯಿಂದ ತಂತಿ ಬಂದ ಮೇಲೆ ಸತ್ಸುಕಿ ಬೇರೆಯವರ ಮನೆಗೆ ಓಡಿ ಅಲ್ಲಿಂದ ತಂದೆಗೆ ಫೋನು ಮಾಡುವ ಜಾಗ. ಆಮೇಲೆ ಪಕ್ಕದ ಮನೆಯ ಅಜ್ಜಿಯ ಮುಂದೆ, ಅಮ್ಮ ಸತ್ತುಹೋದರೆ ಏನು ಮಾಡುವುದು ಎಂದು ಅವಳು ಮೊದಲ ಬಾರಿಗೆ ಗಟ್ಟಿಯಾಗಿ ಅಳುವ ಜಾಗ. ಅಲ್ಲಿಯವರೆಗೆ ಡಬ್ಬಿಗೆ ಅನ್ನ ತುಂಬುತ್ತಾ, ತಂಗಿಯನ್ನು ಸಂಭಾಳಿಸುತ್ತಾ ದೊಡ್ಡವರಂತೆ ನಡೆದುಕೊಂಡಿದ್ದ ಹುಡುಗಿ ಆಗಷ್ಟೇ ಮಗುವಾಗುತ್ತಾಳೆ.

ಸಣ್ಣವಳು ಅಕ್ಕನ ಮುಖ ನೋಡಿದಳು. ಒಂದೇ ಸಿನಿಮಾವನ್ನು ಪಕ್ಕಪಕ್ಕದಲ್ಲಿ ಕುಳಿತು ನಾಲ್ಕೈದು ಸಲ ನೋಡಿದ್ದ ನಾವು ಎರಡು ಬೇರೆ ಸಿನಿಮಾಗಳನ್ನು ನೋಡಿದ್ದೆವು.

ಇಲ್ಲಿ ಒಂದು ಹಳೆಯ ಸಂಗತಿ ಹೇಳಬೇಕು. 1996ರ ಮಳೆಗಾಲದಲ್ಲಿ ನಮ್ಮ ಅಮ್ಮ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಒಂದೂವರೆ ತಿಂಗಳು ಇದ್ದರು. ಅಪ್ಪ ಗಲ್ಫಿನಲ್ಲಿ ದುಡಿಯುತ್ತಿದ್ದರು. ರಜೆ ಸಿಗುವಂತಿರಲಿಲ್ಲ. ಆಸ್ಪತ್ರೆಯಲ್ಲಿ ಅಮ್ಮನ ಜೊತೆ ಚಿಕ್ಕಮ್ಮ ಇದ್ದರು. ನಮ್ಮಿಬ್ಬರನ್ನು ಪಕ್ಕದ ಮನೆಯ ಅಜ್ಜಿ ನೋಡಿಕೊಂಡರು ಎಂದು ಎಲ್ಲರೂ ಹೇಳುತ್ತಿದ್ದರು. ಅಜ್ಜಿ ರಾತ್ರಿ ಬಂದು ಮಲಗುತ್ತಿದ್ದರು, ನಿಜ. ಹಗಲು ಗಂಜಿ ಬೇಯಿಸಿದವಳು, ತಂಗಿಯ ತಲೆ ಬಾಚಿದವಳು, ಒದ್ದೆ ಯೂನಿಫಾರ್ಮನ್ನು ಒಲೆಯ ಮೇಲೆ ಹಗ್ಗ ಕಟ್ಟಿ ಒಣಗಿಸಿದವಳು 11 ವರ್ಷದ ದೊಡ್ಡವಳು. ಸಣ್ಣವಳಿಗಾಗ 5 ವರ್ಷ. ಅವಳಿಗೆ ಆ ದಿನಗಳು ನೆನಪಿರುವುದು ಬೈಯುವವರಿಲ್ಲದ ರಜೆಯಂತೆ. ಅಂಗಳದ ನೀರಿನಲ್ಲಿ ದೋಣಿ ಬಿಟ್ಟದ್ದು, ಅಕ್ಕ ಸಂಜೆ ಬೆಲ್ಲ ಬೆರೆಸಿದ ಅವಲಕ್ಕಿ ಕೊಟ್ಟದ್ದು, ಅಷ್ಟೇ.

ವಾರಕ್ಕೊಮ್ಮೆ ಮುಖ್ಯರಸ್ತೆಯ ಅಂಗಡಿಗೆ ಅಪ್ಪನ ಫೋನು ಬರುತ್ತಿತ್ತು. ದೊಡ್ಡವಳೇ ಹೋಗಿ ಮಾತಾಡುತ್ತಿದ್ದಳು. “ಅಮ್ಮ ಹುಷಾರಾಗ್ತಿದ್ದಾರೆ. ನಾವು ಚೆನ್ನಾಗಿದ್ದೇವೆ” ಎಂದು ಪ್ರತಿ ಸಲವೂ ಹೇಳುತ್ತಿದ್ದಳು. ಹುಷಾರಾಗುತ್ತಿದ್ದಾರೋ ಇಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಹಾಗೆ ಹೇಳು ಎಂದು ಯಾರೂ ಹೇಳಿಕೊಟ್ಟಿರಲೂ ಇಲ್ಲ. ಫೋನಿಟ್ಟ ಮೇಲೆ ಅಂಗಡಿಯ ಹಿಂದೆ ನಿಂತು ಅತ್ತು, ಮುಖ ತೊಳೆದು ಮನೆಗೆ ಬರುತ್ತಿದ್ದಳಂತೆ. ಈ ಮಾತನ್ನು ಸಣ್ಣವಳು ಕೇಳಿದ್ದು ಸುಮಾರು 30 ವರ್ಷಗಳ ಅನಂತರ, ಆ ಪಟ್ಟಿಯ ಮುಂದೆ ಕುಳಿತು.

ಗೀಟು ಹಾಕಿದ ಹೆಸರಿನ ಅರ್ಥವೂ ಆಗಲೇ ಆದದ್ದು. ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಇಸಾವೊ ತಕಾಹಾತ ನಿರ್ದೇಶಿಸಿದ ಚಿತ್ರ. 1945ರಲ್ಲಿ ಕೋಬೆ ನಗರದ ಮೇಲೆ ಬೆಂಕಿಬಾಂಬುಗಳು ಬಿದ್ದು ತಾಯಿ ಸತ್ತ ಮೇಲೆ 14 ವರ್ಷದ ಸೇತಾ 4 ವರ್ಷದ ತಂಗಿ ಸೆತ್ಸುಕೊಳನ್ನು ಉಳಿಸಿಕೊಳ್ಳಲು ಹೆಣಗುತ್ತಾನೆ. ಉಳಿಸಿಕೊಳ್ಳಲಾಗುವುದಿಲ್ಲ. ಹಸಿವಿನಿಂದ ಅವಳು ಸಾಯುತ್ತಾಳೆ. ಮೂಲ ಕತೆ ಬರೆದ ಅಕಿಯುಕಿ ನೊಸಾಕ ತಮ್ಮ ಪುಟ್ಟ ತಂಗಿಯನ್ನು ಹಾಗೆಯೇ ಕಳೆದುಕೊಂಡವರು. ನಿಜ ಜೀವನದಲ್ಲಿ ತಾನು ಕತೆಯ ಅಣ್ಣನಷ್ಟು ಒಳ್ಳೆಯವನಾಗಿರಲಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದರು. ಆಶ್ಚರ್ಯವೆಂದರೆ ಈ ಚಿತ್ರವೂ ‘ಟೊಟೊರೊ’ವೂ 1988ರ ಏಪ್ರಿಲ್ 16ರಂದು ಒಂದೇ ಟಿಕೆಟಿಗೆ ಜೋಡಿಯಾಗಿ ಬಿಡುಗಡೆಯಾದವು. ಒಂದರಲ್ಲಿ ಕಳೆದುಹೋದ ತಂಗಿ ಸಿಗುತ್ತಾಳೆ, ಇನ್ನೊಂದರಲ್ಲಿ ಸಿಗುವುದಿಲ್ಲ.

“ಆ ಒಂದೂವರೆ ತಿಂಗಳು ನನಗಿದ್ದ ಭಯ ಅದೇ. ನನ್ನ ಕೈಯಲ್ಲಿ ಇವಳಿಗೆ ಏನಾದರೂ ಆದರೆ?” ಎಂದಳು ದೊಡ್ಡವಳು.

ಸಣ್ಣವಳು ಆಗ ತನ್ನ ಪಟ್ಟಿಯನ್ನು ಮತ್ತೊಮ್ಮೆ ಓದಿದಳು. ಆ ಮಳೆಗಾಲ ತನ್ನ ಮೇಲೆ ಯಾವ ಗುರುತನ್ನೂ ಉಳಿಸಿಲ್ಲ ಎಂದು ನಂಬಿದ್ದವಳು ಅವಳು. ‘ಸ್ಪಿರಿಟೆಡ್ ಅವೇ’ಯಲ್ಲಿ ಹಂದಿಗಳಾಗಿ ಮಾರ್ಪಟ್ಟ ತಂದೆತಾಯಿಯನ್ನು ಮರಳಿ ಪಡೆಯಲು 10 ವರ್ಷದ ಚಿಹಿರೊ ಸ್ನಾನಗೃಹದಲ್ಲಿ ಕೂಲಿ ಮಾಡುತ್ತಾಳೆ. ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ನಲ್ಲಿ ಸತ್ತ ತಾಯಿಯನ್ನು ಬದುಕಿಸಲು ಹೋಗಿ ಅಣ್ಣ ಕೈಕಾಲನ್ನೂ ತಮ್ಮ ಇಡೀ ದೇಹವನ್ನೂ ಕಳೆದುಕೊಳ್ಳುತ್ತಾರೆ. ನೆನಪಿನಲ್ಲಿ ಇಲ್ಲದ್ದು ಅಭಿರುಚಿಯಲ್ಲಿ ಉಳಿದಿತ್ತೇ? ತಂದೆತಾಯಿ ದೂರವಾದ ಮಕ್ಕಳ ಕತೆಗಳು ಅನಿಮೆಯಲ್ಲಿ ಬೇಕಾದಷ್ಟಿವೆ. ಆದ್ದರಿಂದ ಇದನ್ನು ನಾವು ಮನಶ್ಶಾಸ್ತ್ರವೆಂದು ಸಾಧಿಸಲು ಹೊರಟಿಲ್ಲ. ಆದರೆ ಸಾವಿರ ಚಿತ್ರಗಳ ನಡುವೆ ಇವೇ ನಮ್ಮ ಕೈಗೆ ಅಂಟಿಕೊಂಡವು.

ಪರೀಕ್ಷಕಳನ್ನೂ ನಾವು ಬಿಡಲಿಲ್ಲ. ಅವಳ ಮೊದಲ ಆಯ್ಕೆ ‘ಡೀಮನ್ ಸ್ಲೇಯರ್’. ಕತ್ತಿವರಸೆ ಚೆನ್ನಾಗಿದೆ ಎಂಬುದು ಅವಳ ಕಾರಣ. ಯಾವ ಜಾಗ ಇಷ್ಟ ಎಂದು ಕೇಳಿದರೆ, ಪಿಶಾಚಿಯಾಗಿ ಮಾರ್ಪಟ್ಟ ತಂಗಿಯನ್ನು ಅಣ್ಣ ಮರದ ಪೆಟ್ಟಿಗೆಯಲ್ಲಿ ಕೂರಿಸಿ ಬೆನ್ನ ಮೇಲೆ ಹೊತ್ತು ನಡೆಯುವುದು ಎಂದಳು. ಅವಳು ಒಬ್ಬಳೇ ಮಗಳು. ನಾವು ಏನೂ ಹೇಳಲಿಲ್ಲ.

ಯಾರನ್ನಾದರೂ ತಿಳಿಯಬೇಕಾದರೆ ಇಷ್ಟದ ಚಿತ್ರದ ಹೆಸರು ಕೇಳಿ ಹೆಚ್ಚು ಪ್ರಯೋಜನವಿಲ್ಲ ಎಂದು ಈಗ ನಮಗನಿಸುತ್ತದೆ. ಆ ಚಿತ್ರದ ಯಾವ ಜಾಗದಲ್ಲಿ ಅವರ ಮನಸ್ಸು ನಿಲ್ಲುತ್ತದೆ, ಯಾವ ಚಿತ್ರವನ್ನು ಅವರು ಎರಡನೇ ಸಲ ನೋಡಲಾರರು ಎಂದು ಕೇಳಬೇಕು. ಕೇಳಿದ ಮೇಲೆ ಉತ್ತರ ಹೇಳಲು ಸಮಯ ಕೊಡಬೇಕು.

ಆ ರಾತ್ರಿ ‘ಟೊಟೊರೊ’ವನ್ನು ಮತ್ತೆ ಹಾಕಿದೆವು. ಮಿಯಾಝಾಕಿ ಮೊದಲು ಯೋಚಿಸಿದ್ದು ಒಬ್ಬಳೇ ಹುಡುಗಿಯ ಕತೆಯನ್ನಂತೆ. ಅನಂತರ ಅವಳನ್ನೇ ಇಬ್ಬರಾಗಿ ಮಾಡಿದರು. ಸತ್ಸುಕಿ ಎಂದರೂ ಮೇ ಎಂದರೂ ಅರ್ಥ ಮೇ ತಿಂಗಳೇ. ಚಿತ್ರದ ಪೋಸ್ಟರಿನಲ್ಲಿ ಇಂದಿಗೂ ಒಬ್ಬಳೇ ನಿಂತಿದ್ದಾಳೆ. ಇದನ್ನು ಸಣ್ಣವಳು ಹೇಳಿದಾಗ ದೊಡ್ಡವಳು ಅವಳ ಕೈ ಹಿಡಿದುಕೊಂಡಳು.

ಕಾರ್ಟೂನು ಎಂದರೆ ಮೂಗು ಮುರಿಯುವ ನಮ್ಮ ಅಮ್ಮ ಅಂದು ತಾವಾಗಿ ಬಂದು ಕುಳಿತರು. ಭಾಷೆ ಅರ್ಥವಾಗದಿದ್ದರೂ ಕೊನೆಯವರೆಗೆ ನೋಡಿದರು. ಮೇ ಹೊತ್ತು ತಂದ ಜೋಳದ ತೆನೆ ಆಸ್ಪತ್ರೆಯ ಕಿಟಕಿಯ ಮೇಲೆ ಕಾಣಿಸಿದಾಗ, “ಸ್ವಲ್ಪ ಹಿಂದಕ್ಕೆ ಹಾಕು” ಎಂದರು. ಎರಡನೇ ಸಲ ನೋಡಿ ಮೆಲ್ಲನೆ ಹೇಳಿದರು:

“ಅಲ್ಲಿ ಮಲಗಿದ್ದಾಗ ನನಗೆ ನನ್ನ ಕಾಯಿಲೆಯ ಚಿಂತೆ ಇರಲಿಲ್ಲ. ಮಕ್ಕಳು ಉಂಡರೋ ಇಲ್ಲವೋ ಅನ್ನೋದೇ ಚಿಂತೆ. ನೀವು ಉಂಡಿದ್ದಿರಲ್ಲಾ?”

“ಉಂಡಿದ್ದೆವು ಅಮ್ಮಾ” ಎಂದಳು ಸಣ್ಣವಳು. “ಅಕ್ಕ ಬಡಿಸಿದ್ದಳು.”