ಎಲ್ಲರಿಗೂ ಒಂದೇ ಲೆಕ್ಕದ ಕರೆಂಟ್

ಹೋಳೂರಿನಿಂದ ಬೆಳಗಿನ ಬಸ್ಸು ಹೊರಟಿದೆ. ನಿಮ್ಮ ಮುಂದಿನ ಸೀಟಿನಲ್ಲಿ ಸೆರಗಿನಿಂದ ಎಡಗೆನ್ನೆ ಮುಚ್ಚಿಕೊಂಡ ಹೆಂಗಸು, ಪಕ್ಕದಲ್ಲಿ ಮಗ, ಅವನ ತೊಡೆಯ ಮೇಲೆ ಸ್ಕ್ಯಾನಿನ ಕವರು. ಕಿಟಕಿಯಾಚೆ ಟೊಮ್ಯಾಟೊ ತೋಟ, ಹಿಪ್ಪುನೇರಳೆ ಹೊಲ. ವರ್ಷಗಟ್ಟಲೆ ಹೊಗೆಸೊಪ್ಪು ಕೆನ್ನೆಗೊತ್ತಿಕೊಂಡೇ ಕೂಲಿ ಮಾಡಿದ ಬಾಯಿ ಆಕೆಯದು. ಈ ಸೀಮೆಯಲ್ಲಿ ಸೊಪ್ಪನ್ನು ಉಗಿಯದೆ ರಾತ್ರಿ ಮಲಗುವವರೂ ಇದ್ದಾರೆ. ಕೆನ್ನೆಯೊಳಗಿನ ಕ್ಯಾನ್ಸರ್ ಇಲ್ಲಿ ಹೆಂಗಸರನ್ನೂ ಬಿಟ್ಟಿಲ್ಲ.

ಕೋಲಾರದಲ್ಲಿ ಬಸ್ಸು ಬದಲಿಸಿ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಬರುತ್ತೀರಿ. ಆಕೆಯ ಆಪರೇಷನ್ ಮುಗಿದಿದೆ, ಇನ್ನು ಕರೆಂಟ್, ಅಂದರೆ ವಿಕಿರಣ, ಕೊಡಬೇಕು. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಹಾಳೆಯನ್ನು ಆಕೆಯ ಮುಖಕ್ಕೆ ಒತ್ತಿ ಅಚ್ಚು ತೆಗೆಯುತ್ತಾರೆ. “ಅಲುಗಾಡಬೇಡಿ ಅಮ್ಮ.” ಆಕೆಯ ಬೆರಳುಗಳು ಸೀರೆಯಂಚನ್ನು ಹಿಡಿದಿವೆ.

ವಿಕಿರಣದ ಅಳತೆಯಲ್ಲಿ ದಿನಕ್ಕೆ 2 ಗ್ರೇ, ವಾರಕ್ಕೆ ಐದು ದಿನ, ಆರು ವಾರಕ್ಕೆ 60 ಗ್ರೇ. ಪಕ್ಕದ ಬೆಂಚಿನವರಿಗೂ ಹೆಚ್ಚುಕಡಿಮೆ ಇದೇ ಲೆಕ್ಕ. ನನ್ನನ್ನು ಕಾಡುವುದು ಇದೇ. ವಿಕಿರಣ ಡಿಎನ್‌ಎ ಎಳೆಗಳನ್ನು ಕಡಿಯುತ್ತದೆ. ಒಂದು ಗಡ್ಡೆ ಅಲ್ಲಿಗೇ ಸಾಯುತ್ತದೆ, ಇನ್ನೊಂದು ಕಡಿದದ್ದನ್ನು ಹೊಲಿದುಕೊಂಡು ಮತ್ತೆ ಬೆಳೆಯುತ್ತದೆ. ಬಾಯಿಹುಣ್ಣು, ಒಣಗಿದ ನಾಲಿಗೆ, ತಪ್ಪಿದ ಕೂಲಿ ಮಾತ್ರ ಇಬ್ಬರು ರೋಗಿಗಳಿಗೂ ಸಮ.

ಯಾವ ಗಡ್ಡೆ ಬಗ್ಗುತ್ತದೆಂದು ಮೊದಲೇ ತಿಳಿಯಲಾಗದೇ? ಅಮೆರಿಕದ ಮಾಫಿಟ್ ಕ್ಯಾನ್ಸರ್ ಕೇಂದ್ರದ ಹಾವಿಯರ್ ಟೊರೆಸ್-ರೋಕಾ ತಂಡ ಹತ್ತು ಜೀನ್‌ಗಳನ್ನು ಆರಿಸಿತು. ಗಡ್ಡೆಯ ಚೂರಿನಲ್ಲಿ ಅವು ಎಷ್ಟೆಷ್ಟು ಚುರುಕಾಗಿವೆ ಎಂದು ಅಳೆದು, ಕಂಪ್ಯೂಟರಿನ ಸೂತ್ರಕ್ಕೆ ಕೊಟ್ಟರೆ ಗಡ್ಡೆ ಎಷ್ಟು ಬಗ್ಗೀತೆಂಬ ಒಂದು ಅಂಕ ಬರುತ್ತದೆ. 2017ರಲ್ಲಿ ಅದಕ್ಕೆ ವಿಕಿರಣದ ಪ್ರಮಾಣವನ್ನೂ ಸೇರಿಸಿ ‘ಗಾರ್ಡ್’ ಎಂಬ ಲೆಕ್ಕ ಹುಟ್ಟಿತು. 2021ರಲ್ಲಿ ಏಳು ಬಗೆಯ ಕ್ಯಾನ್ಸರಿನ 1,615 ರೋಗಿಗಳ ಮಾಹಿತಿ ಕೂಡಿಸಿ ನೋಡಿದಾಗ, ಬರಿಯ ಗ್ರೇ ಸಂಖ್ಯೆ ಹೇಳದ್ದನ್ನು ಗಾರ್ಡ್ ಹೇಳಿತು. ಆದರೆ ಮುಂದಿನ ಎಲ್ಲ ಪರೀಕ್ಷೆಗಳಲ್ಲೂ ಅದು ಗೆಲ್ಲಲಿಲ್ಲ. ಆಕೆಯ ಡೋಸನ್ನು ಇಂದು ಅದರ ಮಾತಿಗೆ ಬದಲಿಸುವಂತಿಲ್ಲ.

ಆ ಸೂತ್ರ ಮೊದಲು ಕಲಿತದ್ದು ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳಿಂದ, ಹೋಳೂರಿನ ಕೆನ್ನೆಯಿಂದಲ್ಲ. ಭಾರತದ ವಿಜ್ಞಾನಿಗಳು ವಸಡು-ಕೆನ್ನೆಯ ಕ್ಯಾನ್ಸರಿನ ಜೀನ್ ಬದಲಾವಣೆಗಳ ಪಟ್ಟಿಯನ್ನು 2013ರಲ್ಲೇ ಪ್ರಕಟಿಸಿದಾಗ, ಅದುವರೆಗೆ ಈ ಕ್ಯಾನ್ಸರಿನಲ್ಲಿ ಕಾಣದಿದ್ದ ಕೆಲವು ಜೀನ್‌ಗಳು ಅದರಲ್ಲಿದ್ದವು. ಹಾಗಾಗಿ ನಮ್ಮ ಬಾಯಿಗಳಿಗೆ ನಮ್ಮದೇ ಲೆಕ್ಕ ಬೇಕು.

ಅದಕ್ಕೆ ಬೇಕಾದ ಸಾಮಗ್ರಿ ಆಸ್ಪತ್ರೆಗಳಲ್ಲೇ ಇದೆ, ಮೇಣದಚ್ಚಿನಲ್ಲಿ ಕಾದಿಟ್ಟ ಬಯಾಪ್ಸಿ ಚೂರುಗಳಾಗಿ. ವೈದ್ಯರೇ, ಪ್ರತಿ ಚೂರಿನ ಜೊತೆ ಕೊಟ್ಟ ಡೋಸನ್ನೂ, ಎರಡು ವರ್ಷದ ಮೇಲೆ ರೋಗಿ ಹೇಗಿದ್ದಾರೆಂಬುದನ್ನೂ, ಅವರ ಒಪ್ಪಿಗೆ ಪಡೆದು ದಯವಿಟ್ಟು ಬರೆದಿಡಿ.