ಹೊಗೆಗುಂಡು

ಗಾಜಾ ಪಟ್ಟಣದ ಮೇಲೆ 2009ರ ಜನವರಿಯಲ್ಲಿ ತೆಗೆದ ಛಾಯಾಚಿತ್ರಗಳನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಆಕಾಶದಲ್ಲಿ ಒಂದು ಬಿಳಿಯ ಗೊಂಡೆ. ಅದರಿಂದ ಕೆಳಕ್ಕೆ ಇಳಿಬಿದ್ದ ಬಿಳಿಯ ಎಳೆಗಳು. ಒಂದೊಂದು ಎಳೆಯ ತುದಿಯಲ್ಲಿಯೂ ಒಂದೊಂದು ಕಿಡಿ. ನಮ್ಮ ಮನೆಯ ಹುಡುಗಿಯೊಬ್ಬಳು ಅಂಥದೊಂದು ಚಿತ್ರವನ್ನು ಹಿಡಿದುಕೊಂಡು ಬಂದು, “ತಾತ, ಇದು ಯಾವ ಊರಿನ ದೀಪಾವಳಿ?” ಎಂದು ಕೇಳಿದಳು. “ಬಾಣಬಿರುಸಲ್ಲವಮ್ಮ, ಇದು ಹೊಗೆಗುಂಡು” ಎಂದೆವು. “ಹೊಗೆಯನ್ನು ಯಾಕೆ ಹಾರಿಸುತ್ತಾರೆ?” ಎಂಬ ಎರಡನೆಯ ಪ್ರಶ್ನೆಗೆ ಒಂದು ಮಾತಿನಲ್ಲಿ ಉತ್ತರ ಹೇಳುವುದು ಸಾಧ್ಯವಾಗಲಿಲ್ಲ. ಅವಳಿಗೆ ಅಂದು ಹೇಳಿದುದನ್ನೂ, ಎಳೆಯ ಮಗುವೆಂದು ಹೇಳದೆ ಬಿಟ್ಟುದನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಫಿರಂಗಿಯಿಂದ ಹೊರಡುವ ಗುಂಡೆಲ್ಲ ಕೊಲ್ಲುವುದಕ್ಕೆಂದೇ ಹೊರಡುವುದಿಲ್ಲ. ಬಯಲನ್ನು ದಾಟುವ ಕಾಲಾಳುಗಳನ್ನು, ಹೊಳೆಗೆ ಸೇತುವೆ ಕಟ್ಟುವವರನ್ನು ಶತ್ರುವಿನ ಕಣ್ಣಿಗೆ ಬೀಳದಂತೆ ಮರೆಮಾಡುವುದಕ್ಕೆ ಹೊಗೆಯ ಗುಂಡುಗಳುಂಟು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟಿಷರ ಮತ್ತು ಹಿಂದೂಸ್ಥಾನದ ಸೈನ್ಯಗಳಲ್ಲಿದ್ದ 25 ಪೌಂಡಿನ ಫಿರಂಗಿಯ ಹೊಗೆಗುಂಡಿನೊಳಗೆ ಮೂರು ತಗಡಿನ ಡಬ್ಬಿಗಳಿರುತ್ತಿದ್ದುವು. ಗುರಿಯ ಮೇಲ್ಗಡೆ ಆಕಾಶದಲ್ಲಿಯೇ ಗುಂಡಿನ ಬುಡ ಬಿಚ್ಚಿಕೊಂಡು ಡಬ್ಬಿಗಳು ಹಿಂದಿನಿಂದ ಹೊರಬಿದ್ದು, ನೆಲದ ಮೇಲೆ ಹೊಗೆಯಾಡುತ್ತ ಕೂರುತ್ತಿದ್ದುವು. ಅವುಗಳಲ್ಲಿದ್ದ ಸತುವಿನ ಮಿಶ್ರಣ ಉರಿದಾಗ ಒಂದು ಬಗೆಯ ಲವಣ ಹುಟ್ಟುತ್ತದೆ. ಮಳೆಗಾಲದಲ್ಲಿ ಅಡಿಗೆಮನೆಯ ಉಪ್ಪು ತಾನಾಗಿ ನೀರೊಡೆಯುವುದಷ್ಟೆ? ಹಾಗೆಯೇ ಈ ಲವಣವೂ ಗಾಳಿಯ ತೇವವನ್ನು ಹೀರಿಕೊಂಡು ದಟ್ಟವಾದ ಬಿಳಿಯ ಮಂಜಾಗುತ್ತದೆ. ಉಸಿರಿಗೆ ಒಳ್ಳೆಯದಲ್ಲ, ಆದರೂ ಮದ್ದುಗುಂಡಿನ ನಡುವೆ ನಿಂತವನಿಗೆ ಕೆಮ್ಮು ದೊಡ್ಡ ಸಂಗತಿಯಲ್ಲ.

ಇಂಥ ಹೊಗೆಯಿಂದ ಬದುಕಿದ ಜೀವಗಳ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಇಟಲಿಯ ಕಸೀನೊ ಎಂಬಲ್ಲಿ 1944ರಲ್ಲಿ ನಡೆದ ಕಾಳಗವನ್ನೇ ನೋಡಬಹುದು. ಅಲ್ಲಿ ಎತ್ತರವೆಲ್ಲ ಜರ್ಮನರ ವಶದಲ್ಲಿತ್ತು. ಮಠದ ಗುಡ್ಡದ ಮೇಲಿನಿಂದ ಕೆಳಗಿನ ಕಣಿವೆಯ ಒಂದೊಂದು ಹೆಜ್ಜೆಯೂ ಕಾಣುತ್ತಿತ್ತು. ಮಾರ್ಚಿ ತಿಂಗಳಿನಲ್ಲಿ, ಸೈನಿಕರು ಗಲ್ಲಿನ ಗುಡ್ಡವೆಂದು ಹೆಸರಿಟ್ಟಿದ್ದ ಒಂದು ದಿಣ್ಣೆಯ ಮೇಲೆ ಗೂರ್ಖಾ ಪಡೆಯೊಂದು ಸಿಕ್ಕಿಕೊಂಡು, ಒಂಬತ್ತು ದಿನಗಳ ಕಾಲ ಅದನ್ನು ಬಿಡದೆ ಹಿಡಿದಿತ್ತು. ಅವರನ್ನು ಮರೆಮಾಡಲು ಹಗಲೆಲ್ಲ ಹೊಗೆಗುಂಡುಗಳನ್ನು ಹಾರಿಸಬೇಕಾಯಿತು. ಖಾಲಿಯಾದ ಗುಂಡಿನ ಕವಚಗಳೂ ಡಬ್ಬಿಗಳೂ ಆ ಗೂರ್ಖರ ತಲೆಯ ಮೇಲೆಯೇ ಬೀಳುತ್ತಿದ್ದುವಂತೆ. ಹಿಡಿದ ಕೊಡೆಯೇ ತಲೆಗೆ ಬಡಿದಂತಾಯಿತು! ಮೇ 11ರ ರಾತ್ರಿ 8ನೆಯ ಹಿಂದೂಸ್ಥಾನಿ ಡಿವಿಜನ್ ಗಾರಿ ಹೊಳೆಯನ್ನು ದಾಟಿದಾಗ, ಹೊಳೆಯ ಮಂಜೂ ಹೊಗೆಯೂ ಬೆರೆತು, ಪಕ್ಕದವನು ಪಕ್ಕದವನಿಗೆ ಕಾಣದಂತಾಗಿ, ಎಷ್ಟೋ ಮಂದಿ ದಿಕ್ಕು ತಪ್ಪಿದರು. ಹೊಗೆ ಯಾರ ಪಕ್ಷವನ್ನೂ ವಹಿಸುವುದಿಲ್ಲ. ಹಾಗಿದ್ದರೂ ಮರುದಿನ ಬೆಳಿಗ್ಗೆಯ ವೇಳೆಗೆ ಆಕ್ಸ್‌ಫರ್ಡ್ ಎಂದು ಹೆಸರಿಟ್ಟ ಸೇತುವೆ ಹೊಳೆಯ ಮೇಲೆ ನಿಂತಿತ್ತು. ಈ ಕಥೆಯನ್ನು ಹುಡುಗಿಗೆ ಹೇಳಲು ನಮಗೆ ಸಂಕೋಚವಾಗಲಿಲ್ಲ.

ಸಂಕೋಚವಾದುದು ಮುಂದಿನದಕ್ಕೆ. ಹೊಗೆಗುಂಡುಗಳಲ್ಲಿ ಇನ್ನೊಂದು ಜಾತಿಯಿದೆ. ಅದರ ಹೊಟ್ಟೆಯಲ್ಲಿರುವುದು ಬಿಳಿಯ ರಂಜಕ. ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ಎಂಬ ರಸವಾದಿ 1669ರಲ್ಲಿ ಚಿನ್ನದ ಆಸೆಯಿಂದ ಮೂತ್ರವನ್ನು ಕುದಿಸಿ ಬತ್ತಿಸಿ, ಚಿನ್ನಕ್ಕೆ ಬದಲಾಗಿ ಇದನ್ನು ಪಡೆದನು. ಗಾಳಿ ತಗುಲಿದರೆ ಸುಮಾರು 30 ಡಿಗ್ರಿ ಶಾಖದಲ್ಲಿಯೇ ಇದು ತಾನಾಗಿ ಹೊತ್ತಿಕೊಳ್ಳುತ್ತದೆ. ನಮ್ಮ ರಾಯಚೂರಿನ ಬೇಸಿಗೆಯಲ್ಲಿ, ನೆರಳಿನಲ್ಲಿಟ್ಟರೂ, ಇದಕ್ಕೆ ಬೆಂಕಿಕಡ್ಡಿಯ ಹಂಗಿಲ್ಲ. ಆದುದರಿಂದ ಇದನ್ನು ನೀರಿನೊಳಗೆ ಮುಳುಗಿಸಿಡುತ್ತಾರೆ. ಸತುವಿನ ಡಬ್ಬಿ ಹೊಗೆ ಕಟ್ಟಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ರಂಜಕದ ಗುಂಡು ಸಿಡಿದ ಕ್ಷಣವೇ ಹೊಗೆ ಸಿದ್ಧ. ಅದರಲ್ಲಿ ಒಂದೇ ಕುಂದು. ಸೌದೆಯ ಒಲೆಯ ಮುಂದೆ ಊದುಗೊಳವೆ ಹಿಡಿದು ಕುಳಿತವರಿಗೆಲ್ಲ ಅದು ಗೊತ್ತು: ಧಗಧಗನೆ ಉರಿಯುವ ಒಣಸೌದೆಯ ಹೊಗೆ ನೆಟ್ಟಗೆ ಗವಾಕ್ಷಿಯ ಕಡೆಗೆ ಏರುತ್ತದೆ, ಹಸಿಸೌದೆಯದು ನೆಲ ಬಿಡದು. ರಂಜಕ ಉರಿಯುವ ಬಿಸಿಗೆ ಹೊಗೆಯು ಕಂಬದಂತೆ ಮೇಲಕ್ಕೆದ್ದು ಮರೆ ತೆಳುವಾಗಿಬಿಡುತ್ತದೆ.

ಈ ಕುಂದನ್ನು ನೀಗಲು ಅಮೆರಿಕದವರು ಎಂ 825 ಎಂಬ ಗುಂಡನ್ನು ಮಾಡಿದರು. 155 ಮಿಲಿಮೀಟರ್ ಫಿರಂಗಿಯ ಈ ಗುಂಡಿನಲ್ಲಿ, ಕಂಬಳಿಯಂಥ ಒತ್ತುಬಟ್ಟೆಯ 116 ಚೂರುಗಳನ್ನು ರಂಜಕದಲ್ಲಿ ತೋಯಿಸಿ ತುಂಬಿರುತ್ತಾರೆ. ಗುಂಡು ಆಕಾಶದಲ್ಲಿ ಒಡೆದೊಡನೆ ಚೂರುಗಳು ಹೊತ್ತಿಕೊಂಡು, 125ರಿಂದ 250 ಮೀಟರ್ ಅಗಲಕ್ಕೆ ಚದರಿ ಬೀಳುತ್ತವೆ. ಒಂದೇ ಕಂಬವಾಗಿ ಏಳದೆ ಹೊಗೆ ಹರವಾಗಿ ನಿಲ್ಲುತ್ತದೆ. ಬಯಲಿನ ಯುದ್ಧಕ್ಕೆ ಜಾಣತನದ ಉಪಾಯವೇ ಸರಿ. ಆ 250 ಮೀಟರಿನೊಳಗೆ ಒಂದು ಕೇರಿ ಇದ್ದರೆ? ಹುಡುಗಿ ನೋಡಿದ ಚಿತ್ರದಲ್ಲಿದ್ದುದು ಈ ಗುಂಡೇ. 2009ರ ಜನವರಿ 15ರಂದು ಗಾಜಾದಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತ ಸೇವೆಯ ಆವರಣದ ಮೇಲೆ ಇಂಥ ಗುಂಡುಗಳು ಬಿದ್ದುವು. ನೂರಾರು ಜನ ಅಲ್ಲಿ ಆಶ್ರಯ ಪಡೆದಿದ್ದರು. ಉಗ್ರಾಣಕ್ಕೆ ಬೆಂಕಿ ಬಿದ್ದು, ಹಂಚಬೇಕಾಗಿದ್ದ ಆಹಾರವೂ ಔಷಧವೂ ಸುಟ್ಟುಹೋದುವು.

ಕಾನೂನು ಏನು ಮಾಡುತ್ತಿತ್ತು ಎಂದು ವಾಚಕರು ಕೇಳಬಹುದು. ಬೆಂಕಿಯ ಆಯುಧಗಳ ಬಳಕೆಗೆ ಕಟ್ಟು ಹಾಕುವ ಅಂತರರಾಷ್ಟ್ರೀಯ ಒಪ್ಪಂದವೊಂದು 1980ರಲ್ಲಿ ಆಗಿದೆ. ಮುಖ್ಯವಾಗಿ ಬೆಂಕಿ ಹಚ್ಚುವುದಕ್ಕಾಗಿಯೇ ರಚಿಸಿದ ಆಯುಧಗಳಿಗೆ ಅದು ಅನ್ವಯಿಸುತ್ತದೆ; ಬೆಳಕಿಗಾಗಿ, ಹೊಗೆಗಾಗಿ, ಸಂಕೇತಕ್ಕಾಗಿ ಮಾಡಿದ ಗುಂಡುಗಳಿಂದ ಪ್ರಾಸಂಗಿಕವಾಗಿ ಬೆಂಕಿ ಹೊತ್ತಿದರೆ ಅವು ಅದರ ಲೆಕ್ಕಕ್ಕೆ ಬರುವುದಿಲ್ಲ. ನಾಗರಿಕರನ್ನು ಕಾಯುವ ಯುದ್ಧನಿಯಮಗಳು ಬೇರೆ ಇವೆಯೆಂಬುದು ನಿಜ; ಆದರೆ ಈ ಬಾಗಿಲು ಮಾತ್ರ ಮಾಡಿದವನ ಉದ್ದೇಶವನ್ನು ನೋಡಿ ತೆರೆದುಕೊಳ್ಳುತ್ತದೆ, ಸುಟ್ಟುಕೊಂಡವನ ಮೈಯನ್ನು ನೋಡಿ ಅಲ್ಲ. ಇಂಥ ವ್ಯಾಖ್ಯೆಯನ್ನು ಬರೆದವರು ಕೈಗೆ ಎಂದೂ ಒಲೆಯ ಕೆಂಡ ತಾಗಿಸಿಕೊಂಡವರಲ್ಲವೆಂದು ನಮಗೆ ತೋರುತ್ತದೆ.

ಉದ್ದೇಶವೂ ಸ್ಥಿರವಾದುದಲ್ಲ. ಇರಾಕಿನ ಫಲೂಜಾದಲ್ಲಿ 2004ರಲ್ಲಿ ಕಾದಿದ ಅಮೆರಿಕದ ಫಿರಂಗಿಯವರು ಮರುವರ್ಷ ತಮ್ಮ ವೃತ್ತಿಪತ್ರಿಕೆಯಲ್ಲಿ ಅದನ್ನು ಮುಚ್ಚುಮರೆಯಿಲ್ಲದೆ ಬರೆದರು. ಕಂದಕಗಳಲ್ಲಿ ಅಡಗಿದ ಶತ್ರುಗಳನ್ನು ರಂಜಕದಿಂದ ಹೊರಗೆಬ್ಬಿಸಿ, ಬಳಿಕ ಸಿಡಿಗುಂಡಿನಿಂದ ಕೊಂದರಂತೆ. ಆ ಕ್ರಮಕ್ಕೆ ಇಟ್ಟ ಹೆಸರು ಅಡಿಗೆಮನೆಯಿಂದ ಎತ್ತಿದ್ದು: ಕುಲುಕಿ ಬೇಯಿಸುವುದು. ಬರಿಯ ಮರೆಗೆ ಸಾಧಾರಣ ಹೊಗೆಯೇ ಸಾಕಾಗಿತ್ತು, ರಂಜಕವನ್ನು ಕೊಲ್ಲುವ ಕೆಲಸಕ್ಕೆ ಉಳಿಸಿಕೊಳ್ಳಬಹುದಾಗಿತ್ತು ಎಂಬ ಪೇಚಾಟವೂ ಅದೇ ಲೇಖನದಲ್ಲಿದೆ.

ಇಸ್ರೇಲಿನ ಸೇನೆ ರಂಜಕದ ಹೊಗೆಗುಂಡುಗಳನ್ನು ಕ್ರಮವಾಗಿ ಬಿಟ್ಟು ಬೇರೆ ಬಗೆಯವನ್ನು ತರುವುದಾಗಿ 2013ರಲ್ಲಿ ಪ್ರಕಟಿಸಿತು. 2023ರ ಅಕ್ಟೋಬರಿನಲ್ಲಿ ದಕ್ಷಿಣ ಲೆಬನಾನಿನ ಧೈರಾ ಎಂಬ ಹಳ್ಳಿಯ ಮೇಲೆ ಅದು ರಂಜಕವನ್ನು ಹಾರಿಸಿತೆಂದು ಆಮ್ನೆಸ್ಟಿ ಸಂಸ್ಥೆ ಸಾಕ್ಷ್ಯಸಮೇತ ಹೇಳಿದೆ. ಇತ್ತ ಹೊಗೆಯ ನಿಜವಾದ ಕಸುಬು ಕಠಿನವಾಗುತ್ತಿದೆ. ಕಸೀನೊದಲ್ಲಿ ಕಣ್ಣು ಗುಡ್ಡದ ಮೇಲಿತ್ತು. ಯುಕ್ರೇನಿನಲ್ಲಿ 2022ರಿಂದೀಚೆಗೆ ಅದು ಡ್ರೋನ್ ಆಗಿ ನೆತ್ತಿಯ ಮೇಲೆಯೇ ತೇಲುತ್ತಿದೆ. ಮೈಯ ಶಾಖವನ್ನು ಹಿಡಿಯುವ ಯಂತ್ರದ ಕಣ್ಣಿಗೆ ಸಾಧಾರಣ ಹೊಗೆ ಪೂರ್ತಿ ಮರೆಯಾಗದು. ರಂಜಕದ ಕಿಚ್ಚಿಗೆ ಮಾತ್ರ ಇದರಿಂದ ಯಾವ ಬಾಧಕವೂ ಬಂದಿಲ್ಲ.

ಹೇಳದೆ ಬಿಟ್ಟ ಸಂಗತಿ ಇನ್ನೊಂದಿದೆ. ರಂಜಕದ ಬೆಂಕಿ ಗಾಳಿ ತಪ್ಪಿದರೆ ಆರುತ್ತದೆ, ಗಾಳಿ ಸೋಕಿದರೆ ಮತ್ತೆ ಏಳುತ್ತದೆ. ಗಾಜಾದ ಆಸ್ಪತ್ರೆಯಲ್ಲಿ ಗಾಯಾಳುಗಳ ಪಟ್ಟಿಯನ್ನು ಬಿಚ್ಚಿದಾಗ ಒಳಗಿನಿಂದ ಹೊಗೆ ಬರುತ್ತಿದ್ದುದನ್ನು ವೈದ್ಯರು ಕಂಡರು. ಬೀದಿಯಲ್ಲಿ ಮಣ್ಣಿನೊಳಗೆ ಹೂತುಹೋದ ಒತ್ತುಬಟ್ಟೆಯ ಚೂರುಗಳು, ಕದನ ನಿಂತು ಎಷ್ಟೋ ದಿನಗಳಾದ ಮೇಲೆಯೂ, ಕಾಲಿನಿಂದ ಒದ್ದರೆ ಹೊತ್ತಿಕೊಳ್ಳುತ್ತಿದ್ದುವು.